ವೈರು ಬೋರ್ಡಿಗೆ ಮುಟ್ಟುವುದಿಲ್ಲ: ಕಲಬುರಗಿ ಕಡೆಯ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ನಮ್ಮ ಕಡೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಒಂದೇ ಮಾತು: ‘ಅಣ್ಣಾ, ಉದ್ದ ವೈರಿಂದು ಬೋರ್ಡ್ ಅದ ಏನ್ರೀ?’ ಕೂಲರ್ ಇರುವುದು ಕಿಟಕಿ ಹತ್ತಿರ, ಸಾಕೆಟ್ ಇರುವುದು ಬಾಗಿಲ ಹತ್ತಿರ. ಉಳಿದ ದಿನಗಳಲ್ಲಿ ಮಿಕ್ಸರ್, ಇಂಡಕ್ಷನ್ ಒಲೆ, ವಾಷಿಂಗ್ ಮಷಿನ್‌ದೂ ಇದೇ ಗೋಳು. ಕೌಂಟರ್ ಮುಂದೆ ಗಿರಾಕಿ ನಿಂತಾಗ ಪೂರ್ತಿ ಹೇಳಲು ಆಗದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಕಂಪನಿಯವರು ವೈರು ಯಾಕೆ ಇಷ್ಟು ಗಿಡ್ಡ ಕೊಡುತ್ತಾರೆ? ಜಿಪುಣತನವಾ?

ಅರ್ಧ ಜಿಪುಣತನ, ಅರ್ಧ ಕಾರಣ. ವೈರಿನೊಳಗೆ ಇರುವುದು ತಾಮ್ರ, ಅದು ಸಸ್ತಾ ಅಲ್ಲ. ರಾಶಿಗಟ್ಟಲೆ ಮಿಕ್ಸರ್ ಮಾಡುವವರಿಗೆ ಒಂದೊಂದರಲ್ಲಿ ಅರ್ಧ ಮೀಟರ್ ಉಳಿದರೂ ದೊಡ್ಡ ದುಡ್ಡು.

ಇನ್ನು ಕಾರಣ. ಅಡುಗೆ ಕಟ್ಟೆ ಮೇಲೆ ಕುದಿಯುವ ನೀರಿನ ಕೆಟಲ್ ಇದೆ ಅಂದುಕೊಳ್ಳಿ. ಅದರ ವೈರು ಕಟ್ಟೆಯಿಂದ ಕೆಳಗೆ ಜೋತು ಬಿದ್ದಿದ್ದರೆ ಅಂಬೆಗಾಲಿಡುವ ಕೂಸು ಹಿಡಿದು ಎಳೆಯದೇ ಬಿಡುವುದಿಲ್ಲ. ಮುಂದಿನದ್ದು ಹೇಳಬೇಕಿಲ್ಲ. ಅದಕ್ಕೇ ಕೆಟಲ್, ಎಣ್ಣೆಯಲ್ಲಿ ಕರಿಯುವ ಮಷಿನ್‌ನಂಥವಕ್ಕೆ ಬೇಕಂತಲೇ ಗಿಡ್ಡ ವೈರು ಹಾಕುತ್ತಾರೆ. ಅಮೆರಿಕದಲ್ಲಿ ಇಂಥ ಸಾಮಾನಿಗೆ ಎರಡು ಮೂರು ಅಡಿ ವೈರು ಮಾಮೂಲಿ. ವೈರು ಉದ್ದ ಆದಷ್ಟೂ ಕಾಲಿಗೆ ತೊಡರುವುದು, ಉರಿಯುವ ಒಲೆಗೆ ತಾಗುವುದು ಕೂಡ ಜಾಸ್ತಿ.

ಕೆಟಲ್‌ಗೆ ಗಿಡ್ಡ ವೈರು ಇದ್ದರೆ ನನ್ನದೇನೂ ತಕರಾರಿಲ್ಲ. ಆದರೆ ಕೂಲರ್‌ಗೆ, ಟೇಬಲ್ ಫ್ಯಾನ್‌ಗೆ, ಟಿವಿಗೆ? ಅಲ್ಲಿ ಕುದಿಯುವುದೂ ಇಲ್ಲ, ಚೆಲ್ಲುವುದೂ ಇಲ್ಲ. ಅದು ಬರೀ ಉಳಿತಾಯ.

ಬೇರೆ ದೇಶದವರಿಗೆ ಎರಡು ಮೂರು ಅಡಿ ಸಾಕಾಗುತ್ತದೆ, ನಮಗೆ ಯಾಕೆ ಸಾಲುವುದಿಲ್ಲ?

ಅವರ ಗೋಡೆ ಬೇರೆ, ನಮ್ಮ ಗೋಡೆ ಬೇರೆ. ಅಮೆರಿಕದ ವೈರಿಂಗ್ ನಿಯಮದ ಪ್ರಕಾರ ಕೋಣೆಯ ಗೋಡೆಯ ಯಾವ ಜಾಗದಲ್ಲಿ ನಿಂತರೂ 6 ಅಡಿ ಒಳಗೆ ಒಂದು ಸಾಕೆಟ್ ಸಿಗಬೇಕು. ಅಡುಗೆ ಕಟ್ಟೆ ಮೇಲಾದರೆ 2 ಅಡಿ ಒಳಗೆ. ಅಲ್ಲಿ ಗಿಡ್ಡ ವೈರು ತಾನಾಗಿಯೇ ಮುಟ್ಟುತ್ತದೆ.

ನಮ್ಮಲ್ಲಿ ಹಳೇ ಮನೆ ಅಂದರೆ ಕೋಣೆಗೊಂದು ಬೋರ್ಡ್, ಅದೂ ಬಾಗಿಲ ಪಕ್ಕ. ಅದರಲ್ಲಿ ಲೈಟಿನ ಸ್ವಿಚ್, ಫ್ಯಾನಿನ ಸ್ವಿಚ್, ರೆಗ್ಯುಲೇಟರ್, ಉಳಿದ ಜಾಗದಲ್ಲಿ ಒಂದೇ ಒಂದು ಸಾಕೆಟ್. ಆ ಕಾಲಕ್ಕೆ ಸಾಕೆಟ್ ಬೇಕಾಗಿದ್ದು ಇಸ್ತ್ರಿಗೆ, ರೇಡಿಯೋಗೆ. ಇನ್ನು ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಕಲ್ಲಿನ ಮನೆಗಳು. ಮೊಣಕೈ ಉದ್ದದ ದಪ್ಪ ಗೋಡೆ, ಗಚ್ಚು ಹಾಕಿ ಕಟ್ಟಿದ್ದು. ಇಟ್ಟಿಗೆ ಗೋಡೆ ಕೊರೆದು ಪೈಪ್ ಕೂಡಿಸಿದಂತೆ ಅಲ್ಲಿ ಆಗುವುದಿಲ್ಲ. ಮಿಸ್ತ್ರಿ ಒಮ್ಮೆ ಗೋಡೆ ನೋಡಿ, ಒಮ್ಮೆ ತನ್ನ ಡ್ರಿಲ್ ನೋಡಿ ‘ಇಲ್ಲಿ ಬ್ಯಾಡ್ರಿ’ ಅನ್ನುತ್ತಾನೆ.

ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳುವುದು ಒಂದೇ: ವೈರು ಉದ್ದ ಮಾಡುವ ಬದಲು ಪಾಯಿಂಟ್ ಹತ್ತಿರ ತನ್ನಿ. ಗೋಡೆ ಕೊರೆಯಬೇಕೆಂದೇನೂ ಇಲ್ಲ. ಗೋಡೆ ಮೇಲೆಯೇ ಪ್ಲಾಸ್ಟಿಕ್ ಪಟ್ಟಿ ಹೊಡೆದು, ಅದರೊಳಗೆ ವೈರು ಓಡಿಸಿ, ಬೇಕಾದ ಕಡೆ ಬಾಕ್ಸ್ ಕೂಡಿಸಬಹುದು. ನೋಡಲು ಅಷ್ಟೇನೂ ಚೆಂದ ಇರಲಿಕ್ಕಿಲ್ಲ. ನೆಲದ ಮೇಲೆ ಹಾವಿನಂತೆ ಬಿದ್ದಿರುವ ಎಕ್ಸ್‌ಟೆನ್ಷನ್ ಏನು ಚೆಂದ ಕಾಣುತ್ತದೆಯಾ?

ಖರೀದಿ ಮಾಡುವ ಮೊದಲೇ ವೈರಿನ ಉದ್ದ ತಿಳಿಯುವುದು ಹೇಗೆ?

ಮನೆಯಲ್ಲಿ ಮೊದಲು ಅಳೆಯಿರಿ. ಸಾಮಾನು ಇಡುವ ಜಾಗದಿಂದ ಸಾಕೆಟ್‌ವರೆಗೆ ಗಾಳಿಯಲ್ಲಿ ನೇರವಾಗಿ ಅಳೆಯಬೇಡಿ. ವೈರು ಹೋಗುವ ದಾರಿ ಹಿಡಿದು, ಗೋಡೆಗುಂಟ, ಮೂಲೆ ಬಳಸಿ ಅಳೆಯಿರಿ. ಆಮೇಲೆ ಅಂಗಡಿಯಲ್ಲಿ ಡಬ್ಬಿ ಬಿಚ್ಚಿಸಿ ನೋಡಿ. ಟೇಪ್ ಇಲ್ಲದಿದ್ದರೆ ಮೊಳ ಹಾಕಿ. ಸಂಕೋಚ ಪಡಬೇಡಿ, ಸೀರೆ ಕೊಳ್ಳುವಾಗ ಪೂರ್ತಿ ಬಿಡಿಸಿ ನೋಡುತ್ತೇವೆ ಅಲ್ವಾ? ಆನ್‌ಲೈನ್‌ನಲ್ಲಿ ತರಿಸುವವರು ವಿವರದ ಪಟ್ಟಿಯಲ್ಲಿ ‘ಕಾರ್ಡ್ ಲೆಂತ್’ ಅಂತ ಇರುವ ಸಾಲು ಹುಡುಕಿ. ಅಳತೆ ಕೊಟ್ಟಿಲ್ಲದಿದ್ದರೆ ಗಿಡ್ಡ ಇದೆ ಅಂತಲೇ ತಿಳಿದುಕೊಳ್ಳಿ.

ವಾಷಿಂಗ್ ಮಷಿನ್‌ಗೆ ವೈರು ಒಂದೇ ನೋಡಿದರೆ ಸಾಲದು. ನೀರು ಬರುವ ಪೈಪ್, ಹೋಗುವ ಪೈಪ್, ವೈರು ಮೂರೂ ಒಂದೇ ಜಾಗದಿಂದ ಮುಟ್ಟಬೇಕು.

ಮಿಕ್ಸರ್ ವೈರು ಕಟ್ಟೆಯ ತುದಿಗೇ ನಿಲ್ಲುತ್ತದೆ. ಶೇಂಗಾ ಹಿಂಡಿ ಮಾಡುವಾಗ ಸ್ಟೂಲ್ ಮೇಲೆ ಇಟ್ಟುಕೊಂಡರೆ ನಡೆಯುತ್ತದಾ?

ಬೇಡ. ಮಿಕ್ಸರ್ ತಿರುಗುವಾಗ ನಡುಗುತ್ತದೆ, ನಡುಗುತ್ತಾ ಸರಿಯುತ್ತದೆ. ವೈರು ಬಿಗಿಯಾಗಿದ್ದರೆ ಅದು ಸರಿದಾಗೆಲ್ಲ ಪ್ಲಗ್ ಸಾಕೆಟ್‌ನಿಂದ ಎಳ್ಳಷ್ಟು ಹೊರಬರುತ್ತದೆ. ಪಿನ್ನು ಪೂರ್ತಿ ಕೂಡದೇ ಇದ್ದರೆ ಒಳಗೆ ಚಿಟಿಚಿಟಿ ಕಿಡಿ. ಕೆಲ ತಿಂಗಳು ಹೀಗೇ ನಡೆದ ಪ್ಲಗ್ ಕಿತ್ತು ನೋಡಿ: ಪಿನ್ನಿನ ಬುಡ ಕಂದು ಬಣ್ಣ, ಸುತ್ತಲಿನ ಪ್ಲಾಸ್ಟಿಕ್ ಉಬ್ಬಿ ಹಳದಿ, ಮೂಗಿನ ಹತ್ತಿರ ತಂದರೆ ಸುಟ್ಟ ಮೀನಿನಂಥ ನಾತ. ಸಾಕೆಟ್‌ದೂ ಅದೇ ಗತಿ ಆಗಿರುತ್ತದೆ. ಅಷ್ಟೊತ್ತಿಗೆ ಎರಡನ್ನೂ ಬದಲಿಸಬೇಕು. ಹೊಸ ಪ್ಲಗ್ಗನ್ನು ಸುಟ್ಟ ಸಾಕೆಟ್‌ಗೆ ಹಾಕಿದರೆ ಅದೂ ಸುಡುತ್ತದೆ.

ಮಿಕ್ಸರ್ ಸಾಮಾನ್ಯವಾಗಿ 500ರಿಂದ 750 ವ್ಯಾಟ್. ಕರೆಂಟ್ ಎಳೆಯುವುದು 3 ಆಂಪಿಯರ್ ಆಚೀಚೆ. ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದನ್ನು ಬಳಸಬಹುದು. ಬಾಕ್ಸನ್ನು ಕಟ್ಟೆ ಮೇಲೆ ಇಡದೆ ಗೋಡೆಗೆ ಸ್ಕ್ರೂ ಹಾಕಿ ನಿಲ್ಲಿಸಿ. ಕಟ್ಟೆ ಮೇಲೆ ನೀರು ಹರಿಯದ ದಿನ ಇದೆಯಾ?

ಎಕ್ಸ್‌ಟೆನ್ಷನ್ ಬಾಕ್ಸ್ ಯಾವುದಕ್ಕೆ ನಡೆಯುತ್ತದೆ, ಯಾವುದಕ್ಕೆ ಇಲ್ಲ?

ಸಾಮಾನಿನ ಹಿಂದೆ ಬರೆದಿರುವ ವ್ಯಾಟ್ ನೋಡಿ, 230ರಿಂದ ಭಾಗಿಸಿ. ಬಂದದ್ದು ಆಂಪಿಯರ್. 2000 ವ್ಯಾಟಿನ ಗೀಸರ್ ಅಥವಾ ಇಂಡಕ್ಷನ್ ಒಲೆ ಹೆಚ್ಚುಕಮ್ಮಿ 9 ಆಂಪಿಯರ್ ಎಳೆಯುತ್ತದೆ. 1000 ವ್ಯಾಟಿನ ಇಸ್ತ್ರಿ 4 ಚಿಲ್ಲರೆ. ಟಿವಿ, ಫ್ಯಾನ್, ಮೊಬೈಲ್ ಚಾರ್ಜರ್ ಎಲ್ಲ ಸೇರಿದರೂ 1 ಆಂಪಿಯರ್ ಆಸುಪಾಸು.

ಅಂಗಡಿಯಲ್ಲಿ ಸಿಗುವ ಸಾದಾ ಬಾಕ್ಸು 6 ಆಂಪಿಯರ್‌ದು. ಅದರಲ್ಲಿ ನಾಲ್ಕು ಸಾಕೆಟ್ ಇದ್ದರೆ ಒಂದೊಂದಕ್ಕೆ 6 ಅಂತ ಅಲ್ಲ, ನಾಲ್ಕೂ ಸೇರಿ 6. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಹಾಗಾಗಿ ಟಿವಿ, ಸೆಟ್‌ಟಾಪ್ ಬಾಕ್ಸ್, ಫ್ಯಾನ್, ಲ್ಯಾಪ್‌ಟಾಪ್, ಕೂಲರ್‌ಗೆ ಧಾರಾಳವಾಗಿ ನಡೆಯುತ್ತದೆ. ಮಿಕ್ಸರ್, ಇಸ್ತ್ರಿಗೆ ಒಂದೊಂದೇ ಹಾಕಿದರೆ ನಡೆಯುತ್ತದೆ. ಗೀಸರ್, ಎಸಿ, ಇಂಡಕ್ಷನ್, ಮೈಕ್ರೋವೇವ್, ನೀರು ಬಿಸಿ ಮಾಡುವ ವಾಷಿಂಗ್ ಮಷಿನ್, ಇವಕ್ಕೆ ಆ ಬಾಕ್ಸು ತೋರಿಸಲೇಬೇಡಿ.

ವೈರಿನ ದಪ್ಪ ಎಷ್ಟಿರಬೇಕು? ಎಲ್ಲ ಹೊರಗಿಂದ ಒಂದೇ ಥರ ಕಾಣುತ್ತವೆ.

ಹೊರಗಿನ ದಪ್ಪ ನೋಡಬೇಡಿ, ಅದು ಪ್ಲಾಸ್ಟಿಕ್. ಒಳಗಿನ ತಾಮ್ರದ ಅಳತೆ ವೈರಿನ ಮೇಲೆಯೇ ಅಚ್ಚಾಗಿರುತ್ತದೆ, ಚದರ ಮಿಲಿಮೀಟರ್‌ನಲ್ಲಿ. ಅಂದಾಜು ಹೇಳುವುದಾದರೆ ಬಳುಕುವ ತಾಮ್ರದ ವೈರು 0.75 ಇದ್ದರೆ 6 ಆಂಪಿಯರ್‌ವರೆಗೆ, 1 ಇದ್ದರೆ 10ರವರೆಗೆ, 1.5 ಇದ್ದರೆ 14ರವರೆಗೆ ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ 2.5. ಈ ಲೆಕ್ಕ ನೆರಳಿನದ್ದು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಜಾಸ್ತಿ. ಸಾದಾ ಪಿವಿಸಿ ಹೊದಿಕೆ 70 ಡಿಗ್ರಿಗೆ ಅಂತ ಮಾಡಿದ್ದು. ಬಿಸಿಲೇ ಅರ್ಧಕ್ಕಿಂತ ಜಾಸ್ತಿ ತಿಂದು ಹಾಕಿದ ಮೇಲೆ ವೈರಿಗೆ ಉಳಿಯುವ ಜಾಗ ಕಡಿಮೆ. ಅದಕ್ಕೆ ಒಂದು ಅಳತೆ ಮೇಲಿನದ್ದೇ ತಗೊಳ್ಳಿ.

ವೈರಿನ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 694, ಪ್ಲಗ್ ಮತ್ತು ಸಾಕೆಟ್ ಮೇಲೆ ಐಎಸ್ 1293 ಅಂತ ಇದೆಯಾ ನೋಡಿ. ತೂಕಕ್ಕೆ ಹಗುರ, ರೇಟಿಗೂ ಹಗುರ ಇದ್ದರೆ ಒಳಗೆ ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಇರಬಹುದು. ತುದಿ ಸುಲಿದು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ.

ಉದ್ದ ವೈರು ಉಳಿದರೆ ಸುತ್ತಿ ಕಟ್ಟಿಡಬಹುದಾ?

ಸಣ್ಣ ಲೋಡಿಗೆ ಪರವಾಗಿಲ್ಲ. ದೊಡ್ಡದಕ್ಕೆ ಬೇಡ. 0.75 ಅಳತೆಯ 10 ಮೀಟರ್ ವೈರಿನಲ್ಲಿ 2000 ವ್ಯಾಟ್ ಓಡಿಸಿದರೆ ದಾರಿಯಲ್ಲೇ ಸುಮಾರು 4 ವೋಲ್ಟ್ ಇಳಿಯುತ್ತದೆ, 38 ವ್ಯಾಟ್ ಆಚೀಚೆ ಶಾಖವಾಗಿ ಹೋಗುತ್ತದೆ. ಹಳೇ ಕಾಲದ 40 ವ್ಯಾಟ್ ಬಲ್ಬ್ ಕೊಡುತ್ತಿದ್ದಷ್ಟು ಬಿಸಿ. ಬಿಚ್ಚಿ ಹರಡಿದ್ದರೆ ಅದು ಉದ್ದಕ್ಕೂ ಹಂಚಿ ಗಾಳಿಗೆ ಹೋಗುತ್ತದೆ. ಸಿಂಬಿ ಸುತ್ತಿ ಹಾಸಿಗೆ ಕೆಳಗೆ ತುರುಕಿದರೆ ಎಲ್ಲ ಒಂದೇ ಕಡೆ ಕೂಡುತ್ತದೆ, ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ.

ದೊಡ್ಡ ಪಿನ್ನಿನ (16 ಆಂಪಿಯರ್) ಪ್ಲಗ್ಗಿಗೆ ಕನ್ವರ್ಷನ್ ಪ್ಲಗ್ ಹಾಕಿ ಸಣ್ಣ (6 ಆಂಪಿಯರ್) ಸಾಕೆಟ್‌ಗೆ ಕೊಡಬಹುದಾ?

ಪಿನ್ನು ದಪ್ಪ ಮಾಡಿದ್ದೇ ಸಣ್ಣ ಸಾಕೆಟ್‌ಗೆ ಹೋಗಬಾರದು ಅಂತ. ಕನ್ವರ್ಷನ್ ಪ್ಲಗ್ ಪಿನ್ನಿನ ಆಕಾರ ಬದಲಿಸುತ್ತದೆ, ಗೋಡೆಯೊಳಗಿನ ಸಣ್ಣ ವೈರನ್ನು ಬದಲಿಸುವುದಿಲ್ಲ.

ವೈರು ಕತ್ತರಿಸಿ, ಇನ್ನೊಂದು ತುಂಡು ಜೋಡಿಸಿ, ಟೇಪು ಸುತ್ತಿದರೆ?

ಎಲ್ಲರೂ ಮಾಡುವುದು ಇದನ್ನೇ. ಎರಡು ತುದಿ ತಿರುವಿ ಟೇಪು ಸುತ್ತಿದ ಜಾಯಿಂಟು ಮೊದಲ ದಿನ ಗಟ್ಟಿ ಇರುತ್ತದೆ. ನಮ್ಮ ಬಿಸಿಲಿಗೆ ಟೇಪಿನ ಅಂಟು ಇಳಿದು ಜಾರುತ್ತದೆ. ಎಳೆದಾಡಿದಾಗ ತಿರುವಿದ್ದು ಸಡಿಲ ಆಗುತ್ತದೆ. ಸಡಿಲ ಆದ ಕಡೆ ಬಿಸಿ, ಬಿಸಿ ಆದ ಕಡೆ ಇನ್ನೂ ಸಡಿಲ. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ವೈರು ನಡುವೆ ಬಿಟ್ಟುಹೋದರಂತೂ ಯಾರಿಗೂ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಸಾಮಾನು ಎಂದಿನಂತೆ ನಡೆಯುತ್ತಲೇ ಇರುತ್ತದೆ.

ಜೋಡಿಸುವ ಬದಲು ಪೂರ್ತಿ ವೈರೇ ಬದಲಿಸಿ. ಕೂಲರ್, ಟೇಬಲ್ ಫ್ಯಾನ್‌ನಂಥದ್ದರಲ್ಲಿ ಒಳಗಿನ ಸ್ಕ್ರೂ ಬಿಚ್ಚಿ ಹೊಸ ಮೂರೆಳೆ ವೈರು ಕೂಡಿಸುವುದು ಮಿಸ್ತ್ರಿಗೆ ದೊಡ್ಡ ಕೆಲಸವಲ್ಲ. ಮಿಕ್ಸರ್, ಇಂಡಕ್ಷನ್‌ನಂಥದ್ದು ಗ್ಯಾರಂಟಿಯಲ್ಲಿದ್ದರೆ ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ. ನೀವೇ ಬಿಚ್ಚಿದ್ದು ಕಂಡರೆ ಗ್ಯಾರಂಟಿ ಇಲ್ಲ ಅನ್ನುತ್ತಾರೆ.

ಬಿಚ್ಚಿ ಬರುವ ವೈರು ಇದ್ದರೆ ಉದ್ದದ್ದು ತಂದು ಹಾಕಬಹುದಾ?

ಖಂಡಿತ, ಇದು ಎಲ್ಲಕ್ಕಿಂತ ಸುಲಭದ ದಾರಿ. ಕಂಪ್ಯೂಟರ್, ಪ್ರಿಂಟರ್, ಕೆಲವು ಟಿವಿ, ಎಷ್ಟೋ ರೈಸ್ ಕುಕ್ಕರ್‌ಗಳಲ್ಲಿ ವೈರು ಹಿಂದಿನಿಂದ ಕಿತ್ತು ಬರುತ್ತದೆ. ಅದೇ ಬಾಯಿಯ ಉದ್ದ ವೈರು ಸಿಗುತ್ತದೆ. ಆಂಪಿಯರ್ ಮಾತ್ರ ಹೋಲಿಸಿ ನೋಡಿ. ಕಂಪ್ಯೂಟರ್‌ನ ಮೂರು ಚಪ್ಪಟೆ ಪಿನ್ನಿನ ಬಾಯಿ 10 ಆಂಪಿಯರ್‌ವರೆಗೆ. ಟಿವಿ, ಟೇಪ್‌ರೆಕಾರ್ಡರ್‌ನ ಎಂಟರ ಆಕಾರದ ಬಾಯಿ ಬರೀ 2.5. ಬಿಸಿ ಆಗುವ ಸಾಮಾನಿನ ಬಾಯಿಗೆ ಒಂದು ಕಚ್ಚು ಇರುತ್ತದೆ; ಕಂಪ್ಯೂಟರ್ ವೈರು ಅದಕ್ಕೆ ಕೂಡದೇ ಇರಲಿ ಅಂತಲೇ ಹಾಗೆ ಮಾಡಿದ್ದಾರೆ. ಕಚ್ಚು ಕೆತ್ತಿ ಕೂಡಿಸಲು ಹೋಗಬೇಡಿ.

ಕೂಲರ್ ಕಿಟಕಿ ಆಚೆ ಇದೆ, ವೈರು ಒಳಗಿನ ಬೋರ್ಡಿಗೆ ಬರುವುದಿಲ್ಲ. ಏನು ಮಾಡಬೇಕು?

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಜಾಸ್ತಿ ಜಾಗ್ರತೆ ಬೇಕಾದದ್ದೂ ಇದಕ್ಕೇ.

ಕೂಲರ್ ಎಳೆಯುವುದು 150ರಿಂದ 200 ವ್ಯಾಟ್. ಒಂದು ಆಂಪಿಯರ್ ಕೂಡ ಇಲ್ಲ. ಹಾಗಾಗಿ ವೈರು ಸುಡುವ ಭಯ ಇಲ್ಲಿಲ್ಲ. ಭಯ ಇರುವುದು ನೀರಿನದ್ದು. ಪತ್ರಾದ (ತಗಡಿನ) ಕೂಲರ್, ಒಳಗೆ ಪಂಪು, ಸುತ್ತ ತೊಟ್ಟಿಕ್ಕುವ ಹುಲ್ಲು, ಕೆಳಗೆ ಒದ್ದೆ ಫರಶಿ ಕಲ್ಲು, ಅದರ ಮೇಲೆ ಬರಿಗಾಲು. ಕೂಲರ್ ಗಡಗಡ ನಡುಗುತ್ತದೆ. ವೈರು ಹೊರಬರುವ ತೂತಿನಲ್ಲಿ ಪತ್ರಾದ ಅಂಚು ಚಾಕುವಿನಷ್ಟು ಹರಿತ. ಅಲ್ಲಿ ರಬ್ಬರ್ ಬುಶ್ ಇಲ್ಲದಿದ್ದರೆ ವೈರಿನ ಹೊದಿಕೆ ದಿನಾ ಎಳ್ಳೆಳ್ಳಷ್ಟು ಸವೆಯುತ್ತದೆ. ಒಂದು ದಿನ ತಾಮ್ರ ಪತ್ರಾಕ್ಕೆ ತಾಗುತ್ತದೆ. ಇಡೀ ಕೂಲರ್‌ಗೆ ಕರೆಂಟ್ ಇಳಿಯುತ್ತದೆ. ಪ್ರತಿ ಬೇಸಿಗೆ ಪೇಪರಿನಲ್ಲಿ ಓದುತ್ತೇವೆ, ಕೂಲರ್‌ಗೆ ನೀರು ಹಾಕಲು ಹೋದವರ ಸುದ್ದಿ.

ಸರಿಯಾದ ರೀತಿ ಹೀಗಿದೆ. ಕೂಲರ್‌ನ ಹಳೇ ಗಿಡ್ಡ ವೈರು ತೆಗೆಸಿ, ನಡುವೆ ಒಂದೂ ಜಾಯಿಂಟ್ ಇಲ್ಲದ, 1 ಚದರ ಮಿಲಿಮೀಟರ್‌ನ ಮೂರೆಳೆ ವೈರು ಬೇಕಾದಷ್ಟು ಉದ್ದ ಹಾಕಿಸಿ. ಹಸಿರು ಎಳೆ, ಅಂದರೆ ಅರ್ಥ್, ಕೂಲರ್ ಬಾಡಿಗೆ ಸ್ಕ್ರೂ ಹಾಕಿ ಬಿಗಿಯಲೇಬೇಕು. ತೂತಿಗೆ ರಬ್ಬರ್ ಬುಶ್ ಕೂಡಿಸಿ. ವೈರು ಕೂಲರ್‌ನಿಂದ ಹೊರಟು ಸ್ವಲ್ಪ ಕೆಳಗೆ ಜೋತು, ಆಮೇಲೆ ಮೇಲಕ್ಕೆ ಕಿಟಕಿಗೆ ಹೋಗಲಿ. ಆಗ ವೈರಿನ ಮೇಲೆ ಹರಿದ ನೀರು ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್‌ವರೆಗೆ ಹೋಗುವುದಿಲ್ಲ. ಪ್ಲಗ್ ಯಾವತ್ತೂ ಕೋಣೆಯೊಳಗೇ ಇರಬೇಕು. ಎಕ್ಸ್‌ಟೆನ್ಷನ್ ಬಾಕ್ಸು ಹೊರಗೆ ಕೂಲರ್ ತಲೆ ಮೇಲೆ ಇಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದೂ ಮಕ್ಕಳು ಆಡುವ ಅಂಗಳದಲ್ಲಿ.

ನೀರು ತುಂಬುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಹಳೇ ಮನೆಗಳಲ್ಲಿ ಸ್ವಿಚ್ಚು ಕರೆಂಟ್ ಬರುವ ಫೇಸ್ ವೈರಿನ ಬದಲು ನ್ಯೂಟ್ರಲ್‌ಗೆ ಕೂತಿರುವುದು ಅಪರೂಪವಲ್ಲ. ಆಗ ಸ್ವಿಚ್ ಆರಿಸಿದರೂ ಒಳಗೆ ಫೇಸ್ ಇದ್ದೇ ಇರುತ್ತದೆ.

ಅರ್ಥಿಂಗ್ ಇದೆ ಅಂತ ಮಿಸ್ತ್ರಿ ಹೇಳಿದ್ದಾನೆ. ಮತ್ತೆ ಚಿಂತೆ ಯಾಕೆ?

ಯಾವ ತಿಂಗಳಲ್ಲಿ ನೋಡಿ ಹೇಳಿದ? ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಒದ್ದೆ ಇರುವಾಗ ಅರ್ಥಿಂಗ್ ಚೆನ್ನಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಅರ್ಥ್ ಪೈಪಿನ ಸುತ್ತ ಮಣ್ಣು ಒಣಗಿ ಸರಿಯುತ್ತದೆ. ಕೂಲರ್ ನಡೆಯುವ ತಿಂಗಳುಗಳಲ್ಲೇ ಅರ್ಥ್ ಕೈಕೊಡುತ್ತದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ, ಶಹಾಬಾದ್ ಕಡೆಯ ಹಾಸುಗಲ್ಲಿನ ನೆಲದಲ್ಲಿ ಪೈಪು ಇಳಿಸುವುದೇ ಕಷ್ಟ. ಬೇಸಿಗೆ ತುಂಬ ಅರ್ಥ್ ಪೈಪಿನ ಗುಂಡಿಗೆ ಆಗಾಗ ಬಿಂದಿಗೆ ನೀರು ಹಾಕಿ.

ಅದರ ಜೊತೆಗೆ ಮೀಟರ್ ಹತ್ತಿರ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು) ಹಾಕಿಸಿ. ಲೋಡು ಜಾಸ್ತಿ ಆದರೆ ತಾನೇ ಬೀಳುವ ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಮೈಯಲ್ಲಿ ಕರೆಂಟ್ ಹರಿದಾಗ ಕಡಿಯುವುದು ಆರ್‌ಸಿಸಿಬಿ. ಎರಡೂ ಒಂದೇ ಅಂತ ತಿಳಿದವರು ತುಂಬಾ ಜನ.

ಮೂರನೇ ಪಿನ್ನು ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ಹಾಕಿದರೆ ಸಾಮಾನು ನಡೆಯುತ್ತದಲ್ಲ?

ನಡೆಯುತ್ತದೆ. ಹೆಲ್ಮೆಟ್ ಇಲ್ಲದೆಯೂ ಬೈಕ್ ನಡೆಯುತ್ತದೆ. ಆ ಪಿನ್ನು ಉಳಿದೆರಡಕ್ಕಿಂತ ಉದ್ದ ಇರುವುದು ಸುಮ್ನೆ ಅಲ್ಲ: ಪ್ಲಗ್ ಹಾಕುವಾಗ ಮೊದಲು ಅರ್ಥ್ ಕೂಡಬೇಕು, ಕೀಳುವಾಗ ಕೊನೆಗೆ ಬಿಡಬೇಕು.

ಫ್ರಿಜ್‌ಗೆ ಎಕ್ಸ್‌ಟೆನ್ಷನ್ ಬೇಡ ಅನ್ನುತ್ತಾರೆ. ಅದು ಕಡಿಮೆ ಕರೆಂಟ್ ತಾನೆ ತಿನ್ನುವುದು?

ಓಡುವಾಗ ಕಡಿಮೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು ಎಳೆಯುತ್ತದೆ. ಮನೆಗೆ ಬರುವ ವೋಲ್ಟೇಜು 230ಕ್ಕಿಂತ ಶೇಕಡಾ 6 ಆಚೀಚೆ ಇರಬಹುದು ಅಂತ ನಿಯಮ, ಅಂದರೆ ಹತ್ತಿರ ಹತ್ತಿರ 216ರಿಂದ 244. ಬೇಸಿಗೆ ಸಂಜೆ ಊರಿನ ಕೂಲರ್, ಎಸಿ ಎಲ್ಲ ಒಟ್ಟಿಗೆ ಶುರುವಾದಾಗ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ಮನೆಯಲ್ಲಿ ಅದಕ್ಕೂ ಕೆಳಗೆ ಇಳಿಯುತ್ತದೆ. ಮೇಲಿಂದ ಸಣ್ಣ ವೈರಿನ ಉದ್ದ ಎಕ್ಸ್‌ಟೆನ್ಷನ್ ಇದ್ದರೆ ಕಂಪ್ರೆಸರ್ ಗುಂಯ್ ಅಂದು ನಿಂತೇಬಿಡುತ್ತದೆ. ಫ್ರಿಜ್‌ಗೆ ಅದರದೇ ಪಾಯಿಂಟ್ ಕೊಡಿ. ಇಡೀ ಓಣಿಗೇ ವೋಲ್ಟೇಜ್ ಇಲ್ಲದಿದ್ದರೆ 1912ಕ್ಕೆ ಫೋನ್ ಮಾಡಿ ನಮ್ಮ ಭಾಗದ ಕರೆಂಟ್ ಕಂಪನಿ ಜೆಸ್ಕಾಂಗೆ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಬಕೆಟ್‌ನಲ್ಲಿ ನೀರು ಕಾಯಿಸುವ ರಾಡ್?

ಅದನ್ನು ಉದ್ದ ಮಾಡಲೇಬೇಡಿ. 1500 ವ್ಯಾಟ್ ರಾಡ್ ಆರೂವರೆ ಆಂಪಿಯರ್ ಎಳೆಯುತ್ತದೆ, ಸಣ್ಣ ಸಾಕೆಟ್‌ನ ಮಿತಿ ಅಲ್ಲೇ ದಾಟಿತು. ಬಚ್ಚಲಿನ ಒದ್ದೆ ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸು ಇಡುವ ಬದಲು ಬಕೆಟ್ಟನ್ನೇ ಸಾಕೆಟ್ ಇರುವ ಒಣ ಜಾಗಕ್ಕೆ ತನ್ನಿ. ಕಾದ ಮೇಲೆ ಪ್ಲಗ್ ಕಿತ್ತು, ರಾಡ್ ಹೊರಗೆ ತೆಗೆದು, ಆಮೇಲೆ ನೀರಿಗೆ ಕೈ ಹಾಕಿ.

ಇಸ್ತ್ರಿಯ ಬಟ್ಟೆ ಸುತ್ತಿದ ವೈರು ಹಳತಾಯಿತು. ಪ್ಲಾಸ್ಟಿಕ್ ವೈರು ಹಾಕಲಾ?

ಬೇಡ. ಬಿಸಿ ಇಸ್ತ್ರಿ ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ, ನೂಲಿನ ಹೊದಿಕೆ ತಡೆಯುತ್ತದೆ. ಅದೇ ಜಾತಿಯ ಉದ್ದ ವೈರು ಸಿಗುತ್ತದೆ, ಕೇಳಿ ತಗೊಳ್ಳಿ.

ಮೊಬೈಲ್ ಚಾರ್ಜರ್ ವೈರು?

ಉದ್ದದ್ದು ಕೊಳ್ಳಿ, ಆದರೆ ತೀರಾ ಸಸ್ತಾದ್ದು ಬೇಡ. ಚಾರ್ಜ್ ನಿಧಾನ ಆಗುತ್ತದೆ.

ಬಾಡಿಗೆ ಮನೆ. ಗೋಡೆ ಮುಟ್ಟಬೇಡಿ ಅನ್ನುತ್ತಾರೆ ಮಾಲೀಕರು.

ಅಂಗಡಿಯಲ್ಲಿ ಹೇಳಿ ಒಂದು ಬೋರ್ಡ್ ಮಾಡಿಸಿಕೊಳ್ಳಿ. 16 ಆಂಪಿಯರ್ ಪ್ಲಗ್, 2.5 ಅಳತೆಯ ಮೂರೆಳೆ ವೈರು ಬೇಕಾದಷ್ಟು ಮಾತ್ರ ಉದ್ದ, ಬಾಕ್ಸಿನಲ್ಲಿ ಸ್ವಿಚ್ ಸಮೇತ ಒಂದು 16ರ ಸಾಕೆಟ್, ಒಂದು ಎಂಸಿಬಿ. ರೆಡಿ ಬಾಕ್ಸಿಗಿಂತ ರೇಟು ಜಾಸ್ತಿ, ಮನೆ ಬದಲಿಸಿದರೂ ಜೊತೆಗೆ ಬರುತ್ತದೆ. ಆದರೆ ಅದನ್ನು ಹಾಕುವ ಗೋಡೆಯ ಸಾಕೆಟ್ ಕೂಡ ನಿಜವಾದ 16ರದ್ದೇ ಆಗಿರಬೇಕು. ಕೆಲವು ಮನೆಗಳಲ್ಲಿ ಮುಖ ದೊಡ್ಡದು, ಹಿಂದಿನ ವೈರು ಸಣ್ಣದು. ಮಿಸ್ತ್ರಿಗೆ ಒಮ್ಮೆ ಬಿಚ್ಚಿ ನೋಡಲು ಹೇಳಿ.

ಮಾಲೀಕರ ಹತ್ತಿರ ಮಾತಾಡುವುದನ್ನೂ ಬಿಡಬೇಡಿ. ‘ಮಾಮಾ, ಪಾಯಿಂಟ್ ಹಾಕಿಸಿದ್ರ ಮನೆ ನಿಮ್ದೇ ಉಳೀತದ, ಖರ್ಚು ಅರ್ಧ ನಾವು ಕೊಡ್ತೀವಿ’ ಅಂದರೆ ಎಷ್ಟೋ ಜನ ಒಪ್ಪುತ್ತಾರೆ.

ಹೊಸ ಮನೆ ಕಟ್ಟಿಸುತ್ತಿದ್ದೇವೆ. ಪಾಯಿಂಟ್ ಎಲ್ಲೆಲ್ಲಿ ಹಾಕಿಸಬೇಕು?

ಈಗ ಬೇಕಾದದ್ದರ ಎರಡರಷ್ಟು ಹಾಕಿಸಿ. ಪ್ಲಾಸ್ಟರ್‌ಗೆ ಮೊದಲು ಒಂದು ಪಾಯಿಂಟಿನ ಖರ್ಚು ಏನೂ ಅಲ್ಲ, ಆಮೇಲೆ ಧೂಳು, ರಿಪೇರಿ, ಬಣ್ಣ ಎಲ್ಲ ಸೇರುತ್ತದೆ. ಅಡುಗೆ ಕಟ್ಟೆಯ ಮೇಲೆ ಒಂದು ಅಡಿ ಎತ್ತರಕ್ಕೆ, ಸಿಂಕ್ ಮತ್ತು ಒಲೆಯಿಂದ ದೂರ, ಎರಡು ದೊಡ್ಡವು, ನಾಲ್ಕು ಸಣ್ಣವು. ಫ್ರಿಜ್‌ಗೆ, ವಾಷಿಂಗ್ ಮಷಿನ್‌ಗೆ ಬೇರೆ ಬೇರೆ. ಮಂಚದ ಎರಡೂ ಬದಿ ಒಂದೊಂದು, ಮಂಚದ ಹಿಂದೆ ಮುಚ್ಚಿಹೋಗದಂತೆ. ಕೂಲರ್ ಬರಬಹುದಾದ ಪ್ರತಿ ಕಿಟಕಿಯ ಒಳಬದಿಗೆ ಒಂದು, ಕಿಟಕಿ ಕಟ್ಟೆಗಿಂತ ಮೇಲೆ, ನೀರು ಸಿಡಿಯದ ಕಡೆ. ಎಂಜಿನಿಯರ್ ಕೊಟ್ಟ ನಕ್ಷೆಯಲ್ಲಿ ಇದು ಇರುವುದಿಲ್ಲ, ನೀವೇ ಕೇಳಬೇಕು. ಅಡುಗೆಮನೆಯ ಪಾಯಿಂಟ್ ಗುರುತು ಮಾಡುವ ದಿನ ಅಡುಗೆ ಮಾಡುವವರನ್ನೇ ಕರೆದುಕೊಂಡು ಹೋಗಿ, ಮಿಕ್ಸರ್ ಎಲ್ಲಿ ಇಡುತ್ತೀರಿ ಅಂತ ಕೇಳಿ ಸೀಮೆಸುಣ್ಣದಲ್ಲಿ ಬರೆಸಿ. ಪೈಪು ಕೂಡಿಸಿ ಪ್ಲಾಸ್ಟರ್ ಮಾಡುವ ಮೊದಲು ಎಲ್ಲ ಗೋಡೆಗಳ ಫೋಟೋ ತೆಗೆದಿಡಿ. ಮುಂದೆ ದೇವರ ಫೋಟೋಗೆ ಮೊಳೆ ಹೊಡೆಯುವಾಗ ಒಳಗೆ ಪೈಪು ಎಲ್ಲಿದೆ ಅಂತ ಗೊತ್ತಿರುತ್ತದೆ.